ಕೌದಿಯ ನೀಲಿ ತುಂಡು

"ನಿಲ್ರಿ! ಒಳಗ ಬರಬ್ಯಾಡ್ರಿ!"

ರುಹಿಯ ಬಲಗಾಲು ಹೊಸ್ತಿಲ ಮೇಲೆಯೇ ನಿಂತುಬಿಟ್ಟಿತು.

ಎದುರಿಗೆ ನಯಾಜ! ತಲೆಗೂದಲ ತುಂಬ ಹತ್ತಿಯ ಎಳೆಗಳು, ಕಂಕುಳಲ್ಲಿ ತೊಟ್ಟಿಲಿಗೆಂದು ಮಾಡಿದ ಪುಟ್ಟದೊಂದು ಗಾದಿ. ಕೂಗಿದವನು ಅವನೇ, ಈಗ ಕಲ್ಲಿನ ಹಾಗೆ ನಿಂತವನೂ ಅವನೇ.

'ಎರಡು ವರ್ಷದ ಮೇಲೆ ಇವನ ಬಾಯಿಂದ ಬಂದ ಮೊದಲ ಮಾತು ಇದಾ? ಒಳಗೆ ಬರಬೇಡ ಅಂತಾ?'

"ಅಂದ್ರ... ಹಂಗಲ್ರಿ," ನಯಾಜ ತಡವರಿಸಿದ. "ಬಿಸಲಾಗಿಂದ ಬಂದೀರಿ. ಕಾಲಿಗೆ ನೀರ ಹಾಕ್ಕೊಂಡು, ಒಂದೀಟ ಕಟ್ಟಿ ಮ್ಯಾಲ ಕುಂತು ಬರ್ರಿ. ಬಾಣಂತಿ ಮನಿ ನೋಡ್ರಿ..."

"ಗೊತ್ತೈತ್ರಿ. ನಮ್ಮ ಮನ್ಯಾಗೂ ಇದ ರೂಢಿ."

ಅವನು ನೀರಿನ ತಂಬಿಗೆ ಚಾಚಿದ. ಅವಳು ಅವನ ಮುಖ ನೋಡದೆ ತೆಗೆದುಕೊಂಡಳು. ನೀರು ಕಾಲಿಗಿಂತ ಪೈಜಾಮದ ಅಂಚಿಗೇ ಹೆಚ್ಚು ಬಿತ್ತು.

ಇಂದು ಲಕ್ಷ್ಮೇಶ್ವರದ ಈ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ರುಹಿಯ ಅಣ್ಣ ಶಫೀಕನಿಗೆ ಚೊಚ್ಚಲು ಹೆಣ್ಣು ಮಗು. ಅವನ ಹೆಂಡತಿ, ಭಾಬಿ ಆಯೇಶಾ, ಹೆರಿಗೆಗೆ ತವರಿಗೆ ಬಂದವಳು ಇಲ್ಲೇ ಇದ್ದಾಳೆ. ಕೂಸಿಗೆ ಹೆಸರು ಹೇಳಿ ತೊಟ್ಟಿಲಲ್ಲಿ ಮಲಗಿಸಬೇಕಾದವಳು ತಂದೆಯ ತಂಗಿ, ಅಂದರೆ ಫುಪ್ಪು. ಆ ಫುಪ್ಪು ಬೇರೆ ಯಾರೂ ಅಲ್ಲ, ಬೆಟಗೇರಿಯ ಶಾಲೆಯೊಂದರಲ್ಲಿ ಟೀಚರ್ ಆಗಿರುವ ನಮ್ಮ ರುಹಿಯೇ! ಬರುವುದಿಲ್ಲ ಅನ್ನಲು ಅವಳಿಗೆ ಬಾಯಿಯಾದರೂ ಎಲ್ಲಿತ್ತು?

ನಯಾಜ ಆಯೇಶಾಳ ತಮ್ಮ. ಕೂಸಿಗೆ ಮಾಮು. ಊರ ಪೇಟೆಯಲ್ಲಿ ಅವನ ಗಾದಿ ಅಂಗಡಿ ಇದೆ.

ಅವನ ಹೆಸರನ್ನು ಮನಸ್ಸಿನಿಂದ ಅಳಿಸಿ ಹಾಕಿದ್ದೇನೆ ಎಂದು ರುಹಿ ನಂಬಿದ್ದಳು. ಸುಳ್ಳು! ಒಂದು ತಂಬಿಗೆ ನೀರಿಗೆ ಆ ನಂಬಿಕೆಯೆಲ್ಲ ತೊಳೆದುಹೋಯಿತು.

* * *

ಎರಡು ವರ್ಷದ ಹಿಂದೆ, ಲಕ್ಷ್ಮೇಶ್ವರದಲ್ಲೇ ನಡೆದ ಅಣ್ಣನ ಮದುವೆಯ ಮರುದಿನ ರುಹಿಗೆ ಗದಗಿನಲ್ಲಿ ಬಿ.ಎಡ್ ಪರೀಕ್ಷೆಯಿತ್ತು. ಬಸ್ಸು ತಪ್ಪಿತು. "ನಾ ಬಿಟ್ಟ ಬರ್ತೇನಿ ಬರ್ರಿ" ಎಂದು ನಯಾಜ ಬೈಕು ತೆಗೆದಿದ್ದ.

ಅಡರಕಟ್ಟಿ ದಾಟುವಷ್ಟರಲ್ಲಿ ಕುತ್ತಿಗೆಗೆ ಯಾರೋ ಹಗ್ಗ ಹಾಕಿ ಎಳೆದಂತಾಯಿತು. ಅವಳ ನೀಲಿ ದುಪಟ್ಟಾದ ಸೆರಗು ಚೈನಿಗೆ ಸಿಕ್ಕಿತ್ತು! ಆ ಕ್ಷಣಕ್ಕೆ ಅವನು ಬ್ರೇಕ್ ಒತ್ತದಿದ್ದರೆ...

ಬೈಕಿನ ಡಬ್ಬಿಯಲ್ಲಿದ್ದ ಅಂಗಡಿಯ ಕತ್ತರಿಯಿಂದ ಅವನು ದುಪಟ್ಟಾ ಕತ್ತರಿಸಿದ. ಹಳದಿ ಹೂವಿನ ಹೊಸ ದುಪಟ್ಟಾ ಎರಡು ಹೋಳಾಯಿತು. ಒಂದು ಹೋಳು ಅವಳ ಕೊರಳಲ್ಲಿ ಉಳಿಯಿತು, ಚೈನಿನ ಎಣ್ಣೆ ಕುಡಿದು ಕಪ್ಪಾದ ಇನ್ನೊಂದು ಅವನ ಕೈಯಲ್ಲಿ.

"ನನ್ನ ಹೊಸಾ ದುಪಟ್ಟಾರೀ!" ಎಂದು ಅವಳು ಅಳುವಾಗ, "ದುಪಟ್ಟಾ ಸಾವಿರ ಬರ್ತಾವ್ರಿ, ನೀವೊಬ್ರ..." ಎಂದವನು ಮಾತು ನುಂಗಿಬಿಟ್ಟಿದ್ದ. ಅವನ ಕಣ್ಣಲ್ಲೂ ನೀರಿತ್ತು.

ನುಂಗಿದ ಆ ಅರ್ಧ ಮಾತಿನ ಮೇಲೆ ರುಹಿ ಎಷ್ಟೊಂದು ಕನಸು ಕಟ್ಟಿದ್ದಳು! ಅವಳ ಮನಸ್ಸು ತಿಳಿದ ಅಬ್ಬಾ ಖಾಸಿಂಸಾಬ ತಾವೇ ಲಕ್ಷ್ಮೇಶ್ವರಕ್ಕೆ ಹೋಗಿ ಮಾತೆತ್ತಿದರು. ಮರಳಿ ಬಂದವರು ಮಗಳ ಮುಖ ನೋಡಲಿಲ್ಲ. ಟೊಪ್ಪಿಗೆ ತೆಗೆದು ಗೂಟಕ್ಕೆ ಸಿಕ್ಕಿಸುತ್ತಾ, "ಹುಡುಗ ಒಲ್ಲೆ ಅಂದನಂತ ಬೇಟಾ" ಎಂದಿದ್ದರು. ಅಷ್ಟೇ.

* * *

"ಬಾ ರುಹಿ, ಬಾ! ನಿನ್ನ ಸೊಸಿ ನಿನ್ನ ದಾರಿನ ಕಾಯಾಕತ್ತಾಳ!" ಭಾಬಿ ಒಳಗಿನಿಂದ ಕರೆದಳು.

ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ, ಅಜವಾನದ ವಾಸನೆ. ಆಯೇಶಾ ಕೂಸನ್ನು ಅವಳ ತೊಡೆಯ ಮೇಲಿಟ್ಟಳು. ಕೆಂಪಗೆ, ಬೆಚ್ಚಗೆ, ಹಣೆಯ ಮೂಲೆಯಲ್ಲಿ ದೃಷ್ಟಿಯ ಕಾಡಿಗೆ ಬೊಟ್ಟು. ಕೂಸು ಆಕಳಿಸಿ ಅವಳ ಕಿರುಬೆರಳು ಹಿಡಿದುಕೊಂಡಿತು. ರುಹಿಗೆ ಅಳು ಬಂತು, ನಗುವೂ ಬಂತು.

"ಥೇಟ್ ನಮ್ಮಣ್ಣನ ಮೂಗು! ಪಾಪ!" ಎಂದಳು.

ಆಯೇಶಾಳ ತಾಯಿ ರಸೂಲಬಿ ನಗುತ್ತಾ ಪೆಟ್ಟಿಗೆಯಿಂದ ಪುಟ್ಟ ಕೌದಿಯೊಂದನ್ನು ತೆಗೆದಳು. ಹೊಲಿದು ಮುಗಿಸಿದ್ದು ಇದೇ ಮುಂಜಾನೆ. ಅವರ ಕಡೆ ಕೂಸಿನ ಕೌದಿಗೆ ಹೊಸ ಬಟ್ಟೆ ನಡೆಯುವುದಿಲ್ಲ. ಬಳಗದ ಒಬ್ಬೊಬ್ಬರಿಂದ ಉಟ್ಟು ತೊಟ್ಟು ಮೆತ್ತಗಾದ ಒಂದೊಂದು ಬಟ್ಟೆ ಬೇಕು. ಎಲ್ಲರ ಮೈಬಿಸಿ, ಎಲ್ಲರ ಹರಕೆ ಕೂಸಿನ ಮೇಲಿರಲಿ ಅಂತ.

"ನೋಡು, ಇದು ನಿಮ್ಮಬ್ಬಾನ ಲುಂಗಿ. ಇದು ನನ್ನ ಸೀರಿ. ಈ ಹಸರಂದು ಗುರ್ತ ಸಿಕ್ತೇನ? ನಿಮ್ಮ ಅಮ್ಮೀದು. ಅಕಿ ಇದ್ದಿದ್ರ ಇವತ್ತ ಕುಣಿತಿದ್ಲು..."

ತೀರಿಹೋದ ಅಮ್ಮಿಯ ಸೀರೆ. ರುಹಿ ಅದರ ಮೇಲೆ ಬೆರಳಾಡಿಸಿದಳು. ಬೆರಳು ಪಕ್ಕದ ತುಂಡಿಗೆ ಜಾರಿತು.

ಅಲ್ಲಿಯೇ ನಿಂತುಹೋಯಿತು!

ನೀಲಿ ಬಣ್ಣ. ಹಳದಿ ಹೂವು. ಮೂಲೆಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಎಣ್ಣೆಯ ಕಲೆ.

'ಯಾ ಅಲ್ಲಾ! ನನ್ನ ದುಪಟ್ಟಾ! ಇದು ಇಲ್ಲಿಗೆ ಹೇಗೆ ಬಂತು?!'

"ಇದು... ಇದು ಯಾರದ್ರಿ?" ದನಿ ಅವಳದೇ ಅಂತ ಅವಳಿಗೇ ಅನ್ನಿಸಲಿಲ್ಲ.

"ಅದಾ? ಮಾಮೂಂದೂ ಒಂದು ಬೇಕಲ್ಲ! ಆ ನಯಾಜನ ಅರಿವಿ ನೋಡಿದ್ರ ಎಲ್ಲಾ ಜೀನ್ಸ್! ಕೂಸಿಗೆ ಚುಚ್ಚೂದಿಲ್ಲೇನ? ಹುಡುಕಿ ಹುಡುಕಿ ಇದೊಂದು ಮೆತ್ತಂದು ಸಿಕ್ತು. ಎಣ್ಣಿ ಕಲಿ ನೋಡು... ಗಾಡಿ ವರಸೂ ಅರಿವಿ ಇರಬೇಕು!"

ಗಾಡಿ ಒರೆಸುವ ಬಟ್ಟೆ!

ರುಹಿ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಅವಳು ತನ್ನ ಪಾಲಿನ ಅರ್ಧವನ್ನು ಅಮ್ಮಿಯ ಜಪಮಣಿಯ ಜೊತೆ ಇಟ್ಟುಕೊಂಡಿದ್ದಾಳೆ. ಅವನು ಇನ್ನರ್ಧದಿಂದ ಬೈಕು ಒರೆಸಿದ್ದಾನೆ!

ಕೂಸನ್ನು ಭಾಬಿಯ ಮಡಿಲಿಗಿಟ್ಟು ಅವಳು ಸೀದಾ ಪಡಸಾಲೆಗೆ ಬಂದಳು. ಮುಂಚೆಯೇ ಬಂದಿದ್ದ ಅಬ್ಬಾ ಅಲ್ಲಿ ಅಣ್ಣನ ಜೊತೆ ಚಹಾ ಕುಡಿಯುತ್ತಿದ್ದರು. ರುಹಿಗೆ ಮುಂಡರಗಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನದು ಬಟ್ಟೆ ಅಂಗಡಿ. ಒಳ್ಳೆಯ ಜನ. ಉತ್ತರಕ್ಕೆ ಅವರು ಇವತ್ತು ಸಂಜೆಯವರೆಗೆ ಕಾಯುತ್ತಿದ್ದರು. ರುಹಿ ಮಾತ್ರ ಹೂಂ ಅಂದಿರಲಿಲ್ಲ, ಊಹೂಂ ಕೂಡ ಅಂದಿರಲಿಲ್ಲ.

"ಅಬ್ಬಾ, ಮುಂಡರಗಿಯವರಿಗೆ ಹೂಂ ಅಂದ ಬಿಡ್ರಿ."

ಖಾಸಿಂಸಾಬರು ಚಹಾದ ಬಸಿ ಕೆಳಗಿಟ್ಟರು. "ಖರೇನ ಬೇಟಾ? ಮನಸಾರೆ?"

"ಖರೇನ."

"ಅಲ್ಹಮ್ದುಲಿಲ್ಲಾ! ತೊಟ್ಟಲಾ ಆಗ್ಲಿ, ಬಾಯಿ ಸಿಹಿ ಮಾಡ್ಕೊಂಡ ಫೋನ್ ಮಾಡೂಣು."

ಹಿಂದೆ ಏನೋ ದಪ್ಪೆಂದು ಬಿತ್ತು. ಪುಟ್ಟ ಗಾದಿ ನೆಲದ ಮೇಲಿತ್ತು. ನಯಾಜ ಬಾಗಿಲಲ್ಲಿ ನಿಂತಿದ್ದ. ಅವನು ಎಷ್ಟು ಕೇಳಿಸಿಕೊಂಡನೋ! ಗಾದಿ ಎತ್ತಿಕೊಂಡ, ಧೂಳು ಕೊಡವಿದ, ಒಳಗೆ ಹೋದ.

'ಹೋಗಲಿ. ಇವನಿಗೇನು ಆಗಬೇಕಿದೆ ನನ್ನಿಂದ?' ರುಹಿ ಹಲ್ಲು ಕಚ್ಚಿ ಕಣ್ಣೀರು ತಡೆದಳು.

* * *

ನಡುಮನೆಯ ಜಂತಿಗೆ ತೊಟ್ಟಿಲು ಕಟ್ಟಿದ್ದರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ನಯಾಜ ಯಾರ ಮುಖವನ್ನೂ ನೋಡದೆ ಗಾದಿ ಹಾಸಿ ಮೂಲೆಗಳನ್ನು ತಟ್ಟಿ ಸರಿಮಾಡಿದ. ರಸೂಲಬಿ ಅದರ ಮೇಲೆ ಕೌದಿ ಬಿಡಿಸಿದಳು.

ರುಹಿ ಕೂಸನ್ನೆತ್ತಿಕೊಂಡು ಮುಂದೆ ಬಂದಳು. ಆಗ...

"ಅವ್ವಾ!"

ಎಲ್ಲರೂ ಬೆಚ್ಚಿಬಿದ್ದರು. ನಯಾಜನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನ ಬೆರಳು ನೀಲಿ ತುಂಡಿನ ಮೇಲಿತ್ತು.

"ಇದನ್ನ ಎಲ್ಲಿಂದ ತಗೊಂಡಿ? ಹೇಳಬೇ! ಎಲ್ಲಿಂದ ತಗೊಂಡಿ?"

"ನಿನ್ನ ಟ್ರಂಕಿನ ತಳದಾಗಿತ್ತಲೋ. ನಿನ್ನ ಈದಿನ ಅಂಗಿ ಒಳಗ ಮಡಿಚಿ ಇಟ್ಟಿದ್ದಿ. ಯಾಕ, ಏನಾತು?"

"ಹರದೀಯೇನವ್ವಾ... ಇದನ್ನ ಹರದ ಬಿಟ್ಟೀಯೇನ?" ಅವನ ದನಿ ಒಡೆಯಿತು. "ಒಂದ ತಿಂಗಳಾತು ಹುಡಕಾಕತ್ತೇನಿ! ಅಂಗಡ್ಯಾಗಿನ ಹತ್ತಿ ಮೂಟಿ ಎಲ್ಲಾ ಬಿಚ್ಚಿ ನೋಡೇನಿ!"

ಹತ್ತಿ ಮೂಟೆ ಬಿಚ್ಚಿ ನೋಡಿದನಂತೆ! ಒಂದು ಹರಕು ಬಟ್ಟೆಗೆ! ಹೆಂಗಸರು ಬಾಯಿಗೆ ಸೆರಗು ಹಿಡಿದರು.

"ಗಾಡಿ ವರಸೂ ಅರಿವಿನ ಯಾರರ ಈದಿನ ಅಂಗ್ಯಾಗ ಮಡಿಚಿಡತಾರೇನೋ ತಮ್ಮಾ?" ಆಯೇಶಾ ತಮ್ಮನನ್ನು ನೋಡಿದಳು. ಆಮೇಲೆ ಅವಳ ಕಣ್ಣು ನಿಧಾನಕ್ಕೆ ರುಹಿಯ ಕಡೆ ಹೊರಳಿತು. ರುಹಿ ಕೂಸನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

"ಅದು... ನಂದು," ರುಹಿ ಪಿಸುಗುಟ್ಟಿದಳು. "ಆ ದುಪಟ್ಟಾ ನಂದ್ರಿ."

ಹೆಂಗಸರ ತಲೆಗಳೆಲ್ಲ ಅವಳತ್ತ ತಿರುಗಿದವು. ಕೂಸು ಮಾತ್ರ ಸೀನಿತು.

ಖಾಸಿಂಸಾಬ ಪಡಸಾಲೆಯಿಂದ ಎದ್ದು ಬಂದರು. "ನನಗ ತಿಳೀವಲ್ದು. ನಯಾಜ, ನನ್ನ ಮಗಳನ್ನ ಒಲ್ಲೆ ಅಂದಿದ್ದಿ. ಮತ್ತ ಅಕಿ ದುಪಟ್ಟಾ ಯಾಕ ಇಟ್ಕೊಂಡಿ?"

"ಒಲ್ಲೆ ಅಂದ್ನಾ? ನಾನಾ?" ನಯಾಜ ಒಂದು ಹೆಜ್ಜೆ ಹಿಂದೆ ಸರಿದ. "ನನ್ನ ಯಾರು ಕೇಳಿದ್ರರೀ? ಮಗಳು ಒಲ್ಲೆ ಅಂತಾಳ ಅಂತ ನೀವ ಅಂದ್ರಿ ಅಂತ ಅವ್ವ ಹೇಳಿದ್ಲು!"

"ನಾ ಯಾವಾಗ ಹಂಗಂದ್ನಿ?"

ಇಬ್ಬರ ಕಣ್ಣೂ ಒಮ್ಮೆಲೇ ರಸೂಲಬಿಯ ಕಡೆ ತಿರುಗಿದವು.

ಎರಡು ವರ್ಷ! ಅವನು ಒಲ್ಲೆ ಅಂದ ಅಂತ ಅವಳು, ಅವಳು ಒಲ್ಲೆ ಅಂದಳು ಅಂತ ಅವನು... ಎರಡು ವರ್ಷ ಇಬ್ಬರೂ ಇಲ್ಲದ ಮಾತಿಗೆ ಅತ್ತರಲ್ಲ!

ರಸೂಲಬಿ ತೊಟ್ಟಿಲ ಹಗ್ಗ ಹಿಡಿದು ಕುಸಿದು ಕುಳಿತಳು.

"ನಾನ ಅಂದೆ. ಎರಡೂ ಕಡಿ ನಾನ ಅಂದೆ ಬೀಗರ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ತಂಗಿ ಮೋತಿಬಿ ಸುದ್ದಿ ನಿಮಗೂ ಗೊತ್ತೈತಿ. ಅಕಿನ್ನ ಕೊಟ್ಟ ಮನಿಯಿಂದ ನಮ್ಮಣ್ಣಗ ಹೆಣ್ಣ ತಂದ್ವಿ. ಅಣ್ಣಂದು ಮುರೀತು. ಏನೂ ತಪ್ಪ ಮಾಡದ ಮೋತಿಬಿ ಗಂಟ ಕಟ್ಕೊಂಡ ತವರಿಗೆ ಬಂದ್ಲು. ನಾಳೆ ಇವರಿಬ್ಬರಿಗೆ ಜಗಳ ಆದ್ರ, ಅಲ್ಲಿ ನನ್ನ ಆಯೇಶಾನ ಬಾಳೇವು? ಅದಕ ಅಂಜಿದೆ... ಅದಕ ಸುಳ್ಳ ಹೇಳಿದೆ."

ಸಿಟ್ಟಾಗಬೇಕೆಂದಿದ್ದ ರುಹಿಗೆ ಆ ಮುದುಕಿಯ ಸುಕ್ಕುಗಟ್ಟಿದ ಕೈ ಕಂಡು ಸಿಟ್ಟೇ ಬರಲಿಲ್ಲ. ಬಾಗಿಲ ಬಳಿ ನಿಂತಿದ್ದ ಶಫೀಕ ಮಾತ್ರ ಮೆಲ್ಲಗೆ ಅಂದ: "ಅತ್ತಿ, ನನ್ನ ಮ್ಯಾಲ ನಿಮಗ ಇಷ್ಟರ ನಂಬಿಕಿ ಇಲ್ಲೇನ್ರಿ? ಯಾರ ಜಗಳಕ್ಕೋ ನಾ ಆಯೇಶಾನ ಬಿಡ್ತೇನೇನು?"

ರಸೂಲಬಿ ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದಳು. "ಕೊಡು. ಬಿಚ್ಚಿ ಕೊಡ್ತೇನಿ. ಕದ್ದ ಅರಿವಿ ನನ್ನ ಮೊಮ್ಮಗಳ ಮೈಮ್ಯಾಲ ಬ್ಯಾಡ."

ಕತ್ತರಿ ನೀಲಿ ತುಂಡಿನ ಅಂಚಿಗೆ ತಾಗಿತು.

"ಬಿಚ್ಚಬ್ಯಾಡ್ರಿ!" ರುಹಿ ಕೂಗಿಯೇಬಿಟ್ಟಳು. "ಮಗ್ಗಲಕ್ಕ ನಮ್ಮ ಅಮ್ಮಿ ಸೀರಿ ಐತಿ. ಇದನ್ನ ಕಿತ್ರ ಅದೂ ಬಿಚ್ಚತೈತಿ."

ರಸೂಲಬಿಯ ಕೈ ಹಾಗೆಯೇ ನಿಂತಿತು.

ಆ ಮುದುಕಿ ಕೌದಿಯನ್ನು ಬಹಳ ಹೊತ್ತು ನೋಡಿದಳು. ಎರಡು ತುಂಡುಗಳ ನಡುವೆ ಒತ್ತೊತ್ತಾಗಿ ಹಾಕಿದ ತನ್ನದೇ ಹೊಲಿಗೆ! ಇವರಿಬ್ಬರನ್ನು ದೂರ ಮಾಡಿದವಳೂ ತಾನೇ, ಗೊತ್ತಿಲ್ಲದೆ ಬೀಗತಿಯ ಸೆರಗಿಗೆ ಈ ಹುಡುಗಿಯ ದುಪಟ್ಟಾವನ್ನು ತಂದು ತನ್ನ ಮಗನ ಹೆಸರಲ್ಲಿ ಹೊಲಿದವಳೂ ತಾನೇ.

"ನಿಮ್ಮ ಹೊಲಿಗಿ ಗಟ್ಟಿ ಐತ್ರಿ," ರುಹಿ ಅವಳ ಪಕ್ಕ ಕುಳಿತಳು. "ಅಂಜಬ್ಯಾಡ್ರಿ. ಭಾಬಿ ಬಾಳೇವಿಗೆ ನನ್ನಿಂದ ಏನೂ ಆಗೂದಿಲ್ಲ. ಈ ಕೂಸಿನ ಆಣಿ."

"ಕೂಸಿನ ಆಣಿ ಹಾಕಬಾರದು ಹುಚ್ಚಿ!" ರಸೂಲಬಿ ಗದರಿದಳು. ಗದರುತ್ತಲೇ ಅವಳ ತಲೆ ಹಿಡಿದು ಎದೆಗೊತ್ತಿಕೊಂಡು ಜೋರಾಗಿ ಅತ್ತಳು. ಕತ್ತರಿ ಎಲ್ಲಿ ಬಿತ್ತೋ!

ಅಷ್ಟರಲ್ಲಿ ಖಾಸಿಂಸಾಬರ ಫೋನು ರಿಂಗಾಯಿತು. ಮುಂಡರಗಿ!

ಅಬ್ಬಾ ಮಗಳತ್ತ ನೋಡಿದರು. ರುಹಿ ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸಿದಳು.

"ಹಲೋ... ಹಾಂ, ಸಲಾಂ ಅಲೈಕುಂ. ತಪ್ಪ ತಿಳಕೋಬ್ಯಾಡ್ರಿ... ಹುಡುಗಿ ಒಲ್ಲೆ ಅಂತಾಳ್ರಿ. ಹೌದ್ರಿ, ಈ ಸಲ ಅಕೀನ್ನ ಕೇಳೇ ಹೇಳಾಕತ್ತೇನಿ."

ಕೊನೆಯ ಮಾತಿಗೆ ರಸೂಲಬಿ ಅಳುವಿನಲ್ಲೇ ನಾಲಿಗೆ ಕಚ್ಚಿಕೊಂಡಳು.

ರುಹಿ ಎದ್ದು ಕೂಸನ್ನು ಕೌದಿಯ ಮೇಲೆ ಮಲಗಿಸಿದಳು. ಅದರ ಕಿವಿಗೆ ಬಾಗಿ ಹೆಸರು ಹೇಳಿದಳು.

"ಅಲ್ಫಿಯಾ!"

ಹೆಂಗಸರು ಹಾಡು ಎತ್ತಿಕೊಂಡರು. ತೊಟ್ಟಿಲು ತೂಗಿತು.

* * *

ಬಾಯಿ ಸಿಹಿಯಾದ ಮೇಲೆ, ರುಹಿ ಕೈ ತೊಳೆಯಲು ಹಿತ್ತಲಿಗೆ ಬಂದಳು. ಯಾರೋ ತಂಬಿಗೆ ಚಾಚಿದರು. ಈ ಸಲ ಅವಳು ಮುಖ ನೋಡಿಯೇ ತೆಗೆದುಕೊಂಡಳು.

"ಅವತ್ತ ಅಡರಕಟ್ಟಿ ಹಂತ್ಯಾಕ ಅರ್ಧಾ ಮಾತ ನುಂಗಿದ್ರಿ," ಎಂದಳು. "ಇವತ್ತರ ಪೂರಾ ಹೇಳ್ರಿ."

ನಯಾಜನ ಕಿವಿ ಕೆಂಪಾಯಿತು. "ದುಪಟ್ಟಾ ಸಾವಿರ ಬರ್ತಾವು. ನೀವೊಬ್ರ... ನೀವೊಬ್ರ ಅದೀರಿ ನನಗ. ಬ್ಯಾರೆ ಯಾರೂ ಇಲ್ಲ, ಬರೂದೂ ಇಲ್ಲ."

ರುಹಿಯ ಕಣ್ಣು ತುಂಬಿ ಬಂತು. ತಂಬಿಗೆಯ ನೀರೆಲ್ಲ ಕಾಲ ಮೇಲೆ ಸುರಿದುಹೋಗಿತ್ತು.

"ಒಂದ ಮಾತ ಕೇಳ್ಲೇನ್ರಿ?" ಅವನು ಮೆಲ್ಲಗೆ ಅಂದ. "ಆ ದುಪಟ್ಟಾದ ಇನ್ನರ್ಧಾ... ಎಲ್ಲೈತಿ?"

"ನನ್ನ ಹಂತ್ಯಾಕ ಐತಿ."

"ಯಾಕ ಇಟ್ಕೊಂಡೀರಿ?"

"ಗಾಡಿ ವರಸಾಕ."

"ನಿಮ್ಮ ಹಂತ್ಯಾಕ ಗಾಡಿ ಎಲ್ಲೈತ್ರಿ?"

"ನಿಮ್ದು ಐತಲ್ರೀ," ಎಂದಳು ರುಹಿ, "ಇನ್ಮ್ಯಾಲೆ ನಾನ ವರಸ್ತೇನಿ."