ಹೆಸರು ಕೇಳದೆ ಒಲ್ಲೆ ಅಂದವಳು

"ಸರ್, ನಿಮ್ಮ ಉತ್ತರ ತಪ್ಪೈತ್ರಿ!"

ಧಾರವಾಡದ ಆ ಕೋಚಿಂಗ್ ಕ್ಲಾಸಿನಲ್ಲಿ ಕೂತಿದ್ದವರೆಲ್ಲ ಹೊರಳಿ ನೋಡಿದರು. ಎದ್ದು ನಿಂತವಳು ಉಮಾಶ್ರೀ, ಸುಳ್ಳ ಗ್ರಾಮದಿಂದ ಬಸ್ ಹತ್ತಿ ಬಂದ ಹುಡುಗಿ. ಅವತ್ತೇ ಅವಳ ಮೊದಲ ದಿನ!

ರೀಸನಿಂಗ್ ಕಲಿಸುವ ರಾಜಶೇಖರ ಬೋರ್ಡಿನ ಮೇಲೆ ಬರೆದಿದ್ದ: 'ಅಂಗಡಿ ಮುಂದೆ ಜನ ಕಿಕ್ಕಿರಿದಿದ್ದಾರೆ. ಆದ್ದರಿಂದ ಅಲ್ಲಿಯ ಮಿರ್ಚಿ ರುಚಿಯಾಗಿರಬೇಕು.' ಇದರಲ್ಲಿ ಹೇಳದೆ ಬಿಟ್ಟ ಊಹೆ ಯಾವುದು? 'ಮಿರ್ಚಿ ಅಗ್ಗವಾಗಿದೆ' ಎಂಬುದಕ್ಕೆ ಅವಸರದಲ್ಲಿ ಗುರುತು ಹಾಕಿಬಿಟ್ಟಿದ್ದ.

"ಅಗ್ಗ ಇರಲಿ, ತುಟ್ಟಿ ಇರಲಿ... ಆ ಮಂದಿ ರುಚಿಗೇ ಬಂದಾರಂತ ಯಾರ್ ಹೇಳಿದ್ರಿ? ಬಸ್ಸಿಗೆ ನಿಂತಿರಬಹುದಲ್ರಿ!"

ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ.

"ಖರೇ ಐತಿ. ಊಹೆನ ತಿರುವಿ ಹಾಕಿ, ಅಂದ್ರ ಅದು ಸುಳ್ಳು ಅಂತ ಇಟ್ಕೊಂಡು ನೋಡ್ರಿ. ಮಾತು ಬಿದ್ದು ಹೋತಂದ್ರ ಅದ ಅಡಗಿದ್ದ ಊಹೆ. ನಿಮ್ಮ ಹೆಸರೇನ್ರಿ?"

ಅವತ್ತಿನಿಂದ ಎಂಥ ಕಠಿಣ ಪ್ರಶ್ನೆ ಬಂದರೂ ಅವನದೊಂದೇ ಮಾತು. "ಉಮಾಶ್ರೀ ಅವರ, ನೀವು ಹೇಳ್ರಿ." ಅವಳಿಗೋ, ಆ ಕರೆ ಕೇಳಲೆಂದೇ ಬಸ್ ಹತ್ತುವಂತಾಯಿತು. ಪ್ರೀತಿ ಅಂದರೆ ಪ್ರೀತಿ, ಮುಚ್ಚಿಡುವುದೇನು ಬಂತು!

ಒಂದು ಸೋಮವಾರ ಆ ಕರೆ ನಿಂತುಹೋಯಿತು. ಅವಳು ಕೈ ಎತ್ತಿದರೂ ಅವನು ಹಿಂದೆ ಕೂತ ಋತುಜಾಳನ್ನು ಕೇಳಿದ. ಇವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

'ನಾ ಏನ್ ತಪ್ಪು ಮಾಡೇನಿ?' ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ.

ಅದೇ ವಾರ ಅಪ್ಪ ಶಾಂತಯ್ಯ ಊಟಕ್ಕೆ ಕೂತಾಗ ಮಾತು ತೆಗೆದರು. "ಯವ್ವಾ, ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂದೈತಿ. ಹತ್ತಿ ವ್ಯಾಪಾರಸ್ಥರ ಮನಿ. ಹುಡುಗ..."

"ನಾ ಒಲ್ಲೆ ಅಪ್ಪಾ!"

"ಹೆಸರರ ಕೇಳವ್ವಾ..."

"ಯಾರರ ಇರಲಿ, ಒಲ್ಲೆ!" ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದುಹೋದಳು. ಮಗಳ ಮನಸ್ಸು ಮುರಿಯದ ಶಾಂತಯ್ಯ ಹಾಗೆಯೇ ಹೇಳಿ ಕಳಿಸಿದರು.

ಮುಂದಿನ ವಾರ ಪಾಠ ಮುಗಿಸಿ ರಾಜಶೇಖರ ಮೆಲ್ಲಗೆ ಹೇಳಿದ. "ನಾಳೆಯಿಂದ ನಾ ಬರೂದಿಲ್ರಿ. ಬ್ಯಾರೆ ಸರ್ ಬರ್ತಾರ."

ಉಮಾಶ್ರೀ ಎದ್ದು ಹೋಗಲಿಲ್ಲ. ಎಲ್ಲರೂ ಹೋಗುವುದನ್ನೇ ಕಾದು ಅವನೆದುರು ನಿಂತಳು.

"ನನ್ನ ಮ್ಯಾಲ ಅಷ್ಟು ಬ್ಯಾಸರೇನ್ರಿ ಸರ್? ಮಾತು ಬಿಟ್ರಿ... ಈಗ ಕ್ಲಾಸೂ ಬಿಡಾಕತ್ತೀರಿ!"

"ಒಲ್ಲೆ ಅಂದವರ ಮುಂದ ದಿನಾ ಹೆಂಗ ನಿಲ್ಲಲಿ, ನೀವ ಹೇಳ್ರಿ."

"ನಿಮಗ ನಾ ಯಾವಾಗ ಒಲ್ಲೆ ಅಂದೆ?!"

"ನಾ ಕೇಳಿಕೊಂಡಿದ್ದಕ್ಕ ನಮ್ಮಜ್ಜಿ ನಿಮ್ಮ ಮನಿಗೆ ಹೇಳಿ ಕಳಿಸಿದ್ಲು. ಹೆಣ್ಣು ಕೇಳಿದ ಮ್ಯಾಲ ಉತ್ತರ ಬರೂತನಕ ಹುಡುಗ ಆ ಹುಡುಗಿ ಕೂಡ ಮಾತಾಡಬಾರದು, ಒಲ್ಲೆ ಅನ್ನಾಕ ಆಕಿಗೆ ಭಿಡೆ ಆಗ್ತೈತಿ ಅಂತ ನಮ್ಮ ಮನ್ಯಾಗ ಪದ್ಧತಿ ಐತ್ರಿ. ಅದಕ್ಕ ಸುಮ್ಮನಿದ್ದೆ. ಉತ್ತರ ಬಂತಲ್ಲ..."

"ಆ ಹತ್ತಿ ವ್ಯಾಪಾರದವರು... ನೀವಾ? ದಿನಾ ನನ್ನಂಗ ಬಸ್ಸಿನ್ಯಾಗ ಬರ್ತೀರಲ್ರಿ!"

"ಹತ್ತಿ ಮಾರೋರು ಬಸ್ ಹತ್ತಬಾರದೇನ್ರಿ?"

ಉಮಾಶ್ರೀ ಹಣೆ ಚಚ್ಚಿಕೊಂಡಳು. ಮಂದಿಯ ಮಾತಿನಲ್ಲಿ ಅಡಗಿದ ಊಹೆಯನ್ನು ಥಟ್ಟನೆ ಹಿಡಿಯುವ ಈ ಶಾಣ್ಯಾ ಹುಡುಗಿ, ಬಸ್ಸಿನಲ್ಲಿ ಬರುವವ ವ್ಯಾಪಾರಸ್ಥರ ಮನೆಯವನಲ್ಲ ಎಂದು ತನ್ನ ತಲೆಯೊಳಗೇ ಅಡಗಿದ್ದದ್ದನ್ನು ಹಿಡಿದಿರಲಿಲ್ಲ ನೋಡಿ!

"ನೀವರ ಎಂಥಾ ಮಾಸ್ತರ್ರಿ? ಒಲ್ಲೆ ಅಂದ್ಲು, ಅಂದಮ್ಯಾಗ ಆಕಿಗೆ ನಾ ಬ್ಯಾಡ ಅಂತ ತಿಳಕೊಂಡ್ರಿ. ಇದರಾಗ ಅಡಗಿದ್ದ ಊಹೆ ಯಾವುದ್ರಿ?"

ಅವನು ತಡವರಿಸಿದ. "ಹುಡುಗ ಯಾರಂತ ನಿಮಗ... ಗೊತ್ತಿತ್ತು ಅನ್ನೂದು."

"ತಿರುವಿ ಹಾಕ್ರಿ."

"ಗೊತ್ತಿರಲಿಲ್ಲ..." ಅವನು ಒಂದು ಹೆಜ್ಜೆ ಮುಂದೆ ಬಂದ. "ಗೊತ್ತಿರಲಿಲ್ಲೇನ್ರಿ ಖರೇನ?"

"ಹೆಸರ ಕೇಳಿಲ್ರಿ ನಾ! ನಿಮ್ಮನ್ನ ಬಿಟ್ಟು ಯಾರೂ ಬ್ಯಾಡಾಗಿದ್ರು ನನಗ... ಅದಕ್ಕ ಒಲ್ಲೆ ಅಂದೆ!"

ಅಳು ಒತ್ತರಿಸಿ ಬಂತು. ಅಳುತ್ತಲೇ ಅಪ್ಪನಿಗೆ ಫೋನು ಹಚ್ಚಿದಳು.

"ಅಪ್ಪಾ... ಆ ಹುಬ್ಬಳ್ಳಿ ಮಂದಿಗೆ ನಾ ಒಪ್ಪೇನಂತ ಹೇಳು. ಈಗ, ಲಗೂ!"

ಆ ಕಡೆ ಶಾಂತಯ್ಯನಿಗೆ ಮೊದಲು ಏನೂ ತಿಳಿಯಲಿಲ್ಲ, ಆಮೇಲೆ ನಗು ಬಂತು. "ಆತವ್ವಾ, ಈಗ ಹೇಳ್ತೇನಿ."

ಫೋನಿಟ್ಟು ಕಣ್ಣೊರೆಸಿಕೊಂಡಳು. ಅವನಿನ್ನೂ ಬೆಪ್ಪಾಗಿ ನಿಂತೇ ಇದ್ದ.

"ಉತ್ತರ ಬಂತಲ್ರಿ ಸರ್. ಇನ್ನರ ಮಾತಾಡ್ರಿ."

"ಉಮಾ..." ಕಣ್ಣು ತುಂಬಿಕೊಂಡು ನಕ್ಕ. "ಎಷ್ಟು ಅಂಜಿದ್ದೆ ಗೊತ್ತೇನು..."

"ನಾನೂ ಅಂಜಿದ್ದೆ," ಅಂದಳು ಅವಳು, ಅವನ ಕೈ ಹಿಡಿದುಕೊಂಡು. "ಇನ್ನ ಮ್ಯಾಲ ಅಂಜಿಕಿ ಬಂದ್ರ ಮೊದಲು ನನಗ ಹೇಳ್ರಿ."