ಹಸಿದವರ ಪಾಲಿನ ಕಾಳು

ಬಹಳ ಹಿಂದೆ, ದಾರಿಗಳಿಗಿನ್ನೂ ಹೆಸರಿಡದ ಕಾಲದಲ್ಲಿ, ಬಳ್ಳಿಗನೂರು ಎಂಬ ರಾಜ್ಯವಿತ್ತು. ಅಲ್ಲಿಯ ಜನ ತಿನ್ನುವುದರಲ್ಲಿ ಗಟ್ಟಿಗರು, ತಿನ್ನಿಸುವುದರಲ್ಲಿ ಇನ್ನೂ ಗಟ್ಟಿಗರು. ಆ ನಾಡಿನಲ್ಲೊಂದು ಪದ್ಧತಿ. ಎಷ್ಟೇ ಹಸಿದಿದ್ದರೂ ಕೊನೆಯ ತುತ್ತನ್ನು ಯಾರೂ ತಿನ್ನುವಂತಿಲ್ಲ. "ಇದು ಹಸಿದವರ ಪಾಲು" ಎಂದು ಎಲೆಯ ಅಂಚಿಗೆ ಇಟ್ಟು ಏಳಬೇಕು. ರಾಜನಾದರೂ ಅಷ್ಟೇ, ತಿರುಕನಾದರೂ ಅಷ್ಟೇ.

ಆ ಊರಲ್ಲಿ ದುಂಡವ್ವ ಎಂಬ ಹುಡುಗಿ ಇದ್ದಳು. ಹೆಸರಿಗೆ ತಕ್ಕ ಹಾಗೆ ದುಂಡಗೆ. ಉಡುತ್ತಿದ್ದದ್ದು ಅರಿಶಿನ ಬಣ್ಣದ ಸೀರೆ. ಬಾಯಿ ತೆರೆದಳೆಂದರೆ ಇಡೀ ಹೋಳಿಗೆ ಒಂದೇ ಸಲಕ್ಕೆ ಒಳಗೆ! ಊರವರು "ಹೊಟ್ಟೆಬಾಕಿ" ಎಂದು ರೇಗಿಸುತ್ತಿದ್ದರು. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವನು ಅಣ್ಣ ಬೀರಣ್ಣ. ಅವನ ಎಲೆಯ ಕೊನೆಯ ತುತ್ತು ಯಾವಾಗಲೂ ತಂಗಿಗೇ. "ಹಸಿದವರನ್ನ ಹುಡುಕ್ಕೊಂಡು ನಾನ್ಯಾಕೆ ಊರೆಲ್ಲ ಸುತ್ತಲಿ? ಮನೇಲೇ ಒಬ್ಬಳಿದ್ದಾಳಲ್ಲ!" ಎಂದು ನಗುತ್ತಿದ್ದ.

ಆ ನಗುವಿನ ಮೇಲೆ ಯಾರ ಕಣ್ಣು ಬಿತ್ತೋ ಏನೋ. ಜಾಲೇಂದ್ರನೆಂಬ ಮಾಂತ್ರಿಕ ಬಂದು ಊರಾಚೆಯ ಬಯಲಿನಲ್ಲಿ ಮೂರು ಸುತ್ತಿನ ಕೋಟೆ ಕಟ್ಟಿದ. ನೀಲಿಯಾಗಿ ಹೊಳೆಯುವ ಗೋಡೆಗಳು, ನೂರೆಂಟು ತಿರುವು, ಓಣಿಯ ತುಂಬ ಸಾಲಾಗಿ ಚೆಲ್ಲಿದ ಮಿನುಗುವ ಕಾಳುಗಳು. ಕಟ್ಟಿದವನು ರಾಜನಿಗೆ ಹೇಳಿ ಕಳಿಸಿದ: "ಅಮಾವಾಸ್ಯೆಗೊಬ್ಬರನ್ನು ಒಳಗೆ ಕಳಿಸು. ಇಲ್ಲದಿದ್ದರೆ ನಿನ್ನೂರಿನ ಬಾವಿಯೆಲ್ಲ ಕಲ್ಲಾಗುತ್ತದೆ. ನನ್ನ ದೀಪ ಆರುವುದರೊಳಗೆ ಒಂದು ಕಾಳೂ ನೆಲದ ಮೇಲೆ ಉಳಿಯದಂತೆ ಮಾಡಿದರೆ ಕೋಟೆಯೇ ಉರುಳುತ್ತದೆ. ಒಂದೇ ಒಂದು ಉಳಿದರೂ, ಹೋದವರು ಭೂತವಾಗಿ ಅಲ್ಲೇ ಅಲೆಯಬೇಕು."

ಮೊದಲು ದಳವಾಯಿ ಹೋದ, ಬರಲಿಲ್ಲ. ಆಮೇಲೆ ಗರಡಿಯ ಪೈಲ್ವಾನ ಹೋದ, ಅವನೂ ಬರಲಿಲ್ಲ. ಮೂರನೆಯ ಅಮಾವಾಸ್ಯೆಗೆ ಬೀರಣ್ಣ ಹೋದ. ದುಂಡವ್ವ ಅವನ ಎಲೆಯನ್ನೂ ಹಾಕಿಟ್ಟು ಸಂಜೆಯವರೆಗೆ ಬಾಗಿಲಲ್ಲಿ ಕಾದಳು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಅವಳೇ ಸೆರಗು ಬಿಗಿದು ಹೊರಟಳು. ರಾಜ ಅಡ್ಡ ಬಂದ. "ಬೇಡಮ್ಮಾ, ಗಂಡಾಳುಗಳೇ ಸೋತಿದ್ದಾರೆ."

"ಅವರು ಕತ್ತಿ ಹಿಡಿದು ಹೋದ್ರು, ದೊರೆ. ಅಲ್ಲಿರೋದು ತಿನ್ನೋ ಕೆಲಸ. ಆ ಕೆಲಸಕ್ಕೆ ನನಗಿಂತ ಗಟ್ಟಿಗರು ಬೇಕಾ?"

ಹಾಗೆಂದವಳೇ ಕೋಟೆಯ ಕಡೆ ನಡೆದಳು.

ಕೋಟೆಯ ನೆತ್ತಿಯ ಮೇಲೆ ಜಾಲೇಂದ್ರ ದೀಪ ಹಿಡಿದು ಕೂತಿದ್ದ. "ಬಾ ಬಾ, ಬೀರಣ್ಣನ ತಂಗಿ! ನಿಮ್ಮಣ್ಣ ಒಳಗೇ ಇದ್ದಾನೆ. ಭೂತಗಳಿಗೆ ಮುಖವಿಲ್ಲ, ಬರೀ ಕಣ್ಣು, ತೀರದ ಹಸಿವು. ಯಾವುದು ಅವನೋ ನೀನೇ ಹುಡುಕಿಕೋ. ಈ ದೀಪ ಆರಿತೋ, ಅವನಿಗೆ ತನ್ನ ಹೆಸರೂ ಮರೆತುಹೋಗುತ್ತೆ. ಅವು ಮುಟ್ಟಿದರೆ ನೀನೂ ಭೂತವೇ."

ಮೊದಲ ಸುತ್ತು. ಕಾಳು ಹುರಿಗಡಲೆಯ ಹಾಗಿತ್ತು. ದುಂಡವ್ವ ಗಬಗಬ ತಿನ್ನುತ್ತ ಓಡಿದಳು. ಹಿಂದೆಯೇ ಕೆಂಪು ಭೂತ ಬೆನ್ನು ಹತ್ತಿತು. ಅವಳು ಎಲ್ಲಿ ತಿರುಗಿದರೆ ಅಲ್ಲಿಗೆ ಅದೂ ತಿರುಗಿತು. ಉಸಿರು ಕಟ್ಟಿ ಇನ್ನೇನು ಬಿದ್ದಳು ಎನ್ನುವಾಗ ಪಡುವಣ ಗೋಡೆಯಲ್ಲೊಂದು ಗವಿ ಕಂಡಿತು. ನುಗ್ಗಿದಳು. ಪಡುವಣದಲ್ಲಿ ನುಗ್ಗಿದವಳು ಮೂಡಣದಲ್ಲಿ ಹೊರಬಂದಳು! ಭೂತ ಅತ್ತ ಹುಡುಕುತ್ತಿದ್ದಾಗ ಇವಳು ಇತ್ತ ಉಳಿದ ಕಾಳು ಮುಗಿಸಿದಳು. ದೀಪ ಒಂದಿಷ್ಟು ಕುಗ್ಗಿತು.

ಎರಡನೆಯ ಸುತ್ತು. ಇಲ್ಲಿ ಹಸಿರು ಭೂತ. ಅದು ಬೆನ್ನಟ್ಟಲಿಲ್ಲ, ಅವಳು ಹೋಗುವ ತಿರುವಿನಲ್ಲಿ ಮೊದಲೇ ಹೋಗಿ ಕಾದಿತು. ಮುಂದೆ ಹಸಿರು, ಹಿಂದೆ ಕೆಂಪು. "ಅಯ್ಯೋ ಅಣ್ಣಾ!" ಎಂದು ಮೂಲೆಗೆ ಸರಿದವಳ ಕಾಲಿಗೆ ದೊಡ್ಡ ತಂಬಿಟ್ಟಿನ ಉಂಡೆ ತಗುಲಿತು. ಬಾಯಿಗೆ ಹಾಕಿದ್ದೇ ತಡ, ಭೂತಗಳೆರಡೂ ಬೆಳ್ಳಗಾಗಿ ಗಡಗಡ ನಡುಗಿದವು.

"ನುಂಗು! ನುಂಗಿಬಿಡು!" ಜಾಲೇಂದ್ರ ಮೇಲಿನಿಂದ ಕೂಗಿದ. "ನುಂಗಿದ ಭೂತ ಮತ್ತೆ ಕಾಡುವುದಿಲ್ಲ!"

ದುಂಡವ್ವ ಅಷ್ಟಗಲ ಬಾಯಿ ತೆರೆದಳು. ಬೆಳ್ಳಗಾದ ಭೂತದಲ್ಲಿ ಎರಡು ಕಣ್ಣು ಪಿಳಿಪಿಳಿ ಎನ್ನುತ್ತಿದ್ದವು. ಇದೇ ಅಣ್ಣನಾಗಿದ್ದರೆ? ಅಲ್ಲದಿದ್ದರೂ ಯಾರ ಮನೆಯ ಮಗನೋ! ಅವಳು ಬಾಯಿ ಮುಚ್ಚಿ, ಪಕ್ಕದಲ್ಲಿ ನುಸುಳಿ ಓಡಿದಳು. ಭೂತಗಳಿಗೆ ಮೊದಲಿನ ಬಣ್ಣ ಮರಳುವುದರೊಳಗೆ ಆ ಸುತ್ತೂ ಮುಗಿಯಿತು. ದೀಪದ ಎಣ್ಣೆ ತಳ ಕಂಡಿತ್ತು.

ಮೂರನೆಯ ಸುತ್ತು. ಇಲ್ಲಿ ಬೂದು ಬಣ್ಣದ ಭೂತ. ಅದು ಬಾಣದ ಹಾಗೆ ನುಗ್ಗಿ ಬಂತು. ದುಂಡವ್ವ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಅದು ತಿರುಗಿ ಓಡುತ್ತಿದೆ! ಮತ್ತೆ ಬಂತು, ಹತ್ತಿರವಾಯಿತು, ಮತ್ತೆ ಓಡಿತು. ಹಸಿವು ಎಳೆದು ತರುತ್ತಿತ್ತು, ಬೇರೇನೋ ಹಿಡಿದು ಹಿಂದಕ್ಕೆ ಜಗ್ಗುತ್ತಿತ್ತು. ಅವಳಿಗೆ ಗೊತ್ತಾಯಿತು. ಅಳು ನುಂಗಿಕೊಂಡು ಕಾಳು ಮುಕ್ಕಿದಳು.

ಕೊನೆಗೆ ಉಳಿದದ್ದು ಒಂದೇ ಕಾಳು. ದೀಪ ಪಟಪಟ ಎನ್ನುತ್ತಿತ್ತು. ಅದನ್ನೆತ್ತಿ ಬಾಯಿಗಿಟ್ಟಳು. ಹೊಟ್ಟೆಬಾಕಿ ದುಂಡವ್ವನಿಗೆ ಒಂದು ಕಾಳು ಇಳಿಯಲಿಲ್ಲ!

ಜಾಲೇಂದ್ರ ಬಿದ್ದು ಬಿದ್ದು ನಕ್ಕ. "ದಳವಾಯಿಯೂ ಹೀಗೇ ನಿಂತ, ಪೈಲ್ವಾನನೂ ಹೀಗೇ ನಿಂತ, ನಿಮ್ಮಣ್ಣನೂ ಅಷ್ಟೇ. ಬಾಯಿಗಿಟ್ಟು ಉಗುಳಿದರು, ಕಾಳು ನೆಲಕ್ಕೇ ಬಿತ್ತು. ಹುಟ್ಟಿದಾಗಿನಿಂದ ಕೊನೆಯ ತುತ್ತು ತಿಂದವರೇ ಅಲ್ಲ ನೀವು! ನಿಮ್ಮ ಮರ್ಯಾದೆಯೇ ನನ್ನ ಕೋಟೆಯ ಬೀಗ."

ದುಂಡವ್ವ ಕಾಳನ್ನು ಅಂಗೈಗೆ ಉಗುಳಿದಳು. ಮೂರೂ ಕಡೆಯಿಂದ ಮೂರು ಭೂತಗಳು ಬರುತ್ತಿದ್ದವು. ಹಸಿದವರ ಪಾಲು ಅಂದರೆ ಹಸಿದವರಿಗೆ ಕೊಡಬೇಕಾದ್ದು ತಾನೇ? ಕಾಳು ನೆಲದಲ್ಲಿ ಉಳಿಯಬಾರದು ಅಂದ, ನಾನೇ ತಿನ್ನಬೇಕು ಅನ್ನಲಿಲ್ಲವಲ್ಲ!

ಅವಳು ಓಡಲಿಲ್ಲ. ಬೂದು ಭೂತದ ಮುಂದೆ ಕೈ ಚಾಚಿ ನಿಂತಳು.

"ಅಣ್ಣಾ, ಊಟ ಆಯ್ತಾ?"

ಭೂತ ಗಕ್ಕನೆ ನಿಂತಿತು. ಕಣ್ಣು ತುಂಬಿ ಬಂದವು. ಅವಳ ಕೈ ತಾಗದಂತೆ, ಮೆಲ್ಲಗೆ, ಕಾಳನ್ನಷ್ಟೇ ಎತ್ತಿಕೊಂಡಿತು. ಆದರೆ ತಾನೊಬ್ಬನೇ ತಿನ್ನಲಿಲ್ಲ. ಬಳ್ಳಿಗನೂರಿನವನಲ್ಲವೇ! ಮೂರು ಚೂರು ಮಾಡಿ, ಒಂದನ್ನು ಕೆಂಪಿಗೆ ಕೊಟ್ಟಿತು, ಒಂದನ್ನು ಹಸಿರಿಗೆ ಕೊಟ್ಟಿತು, ಉಳಿದದ್ದನ್ನು ತಾನು ತಿಂದಿತು.

ದೀಪ ಆರಿತು. ಆಗ ಕೋಟೆಯ ನೆಲದಲ್ಲಿ ಒಂದು ಕಾಳೂ ಇರಲಿಲ್ಲ.

ನೀಲಿ ಗೋಡೆಗಳು ದಡದಡ ಉರುಳಿದವು. ಬಯಲಿನಲ್ಲಿ ದಳವಾಯಿ ನಿಂತಿದ್ದ, ಪೈಲ್ವಾನ ನಿಂತಿದ್ದ, ಬೀರಣ್ಣ ನಿಂತಿದ್ದ. ಉಳಿದ ಕಾಳಿನಿಂದಲೇ ಬದುಕಿದ್ದ ಜಾಲೇಂದ್ರ ಕುಗ್ಗಿ ಕುಗ್ಗಿ ತಾನೇ ಒಂದು ಕಾಳಾದ. ಎಲ್ಲಿಂದಲೋ ಬಂದ ಒಂದು ಹೇಂಟೆ, ಅದಕ್ಕೆ ಯಾವ ಮರ್ಯಾದೆ, ಗುಳುಂ ಮಾಡಿ ಹೋಯಿತು.

ಬೀರಣ್ಣ ತಂಗಿಯ ತಲೆ ಸವರಿದ. "ನಿನ್ನ ಬಾಯಿಂದ ಒಂದು ಕಾಳು ಉಳೀತು ಅಂದ್ರೆ ಊರಲ್ಲಿ ಯಾರೂ ನಂಬಲ್ಲ ಕಣೇ."

"ನಂಬದಿದ್ರೆ ಬಿಡ್ಲಿ. ನಡಿ ಮನೆಗೆ, ನಿನ್ನ ಎಲೆ ಹಾಕಿಟ್ಟಿದ್ದೀನಿ."

ಬಾವಿಗಳು ಕಲ್ಲಾಗದೆ ಉಳಿದವು, ಮನೆಗಳಲ್ಲಿ ಒಲೆ ಉರಿಯಿತು, ಎಲ್ಲರೂ ಹೊಟ್ಟೆ ತುಂಬ ಉಂಡು ನೂರು ಕಾಲ ಬಾಳಿದರು. ಅಂದಿನಿಂದ ಬಳ್ಳಿಗನೂರಿನವರು ಯಾರೇ ಎದುರಾಗಲಿ, ಅದು ಭೂತವೇ ಆಗಿರಲಿ, ಮೊದಲು ಕೇಳುವುದು ಒಂದೇ ಮಾತು: "ಊಟ ಆಯ್ತಾ?"