ನಿಂತು ಪ್ರಾರ್ಥಿಸುವ ಊರಿಗೆ ಬಂದ ಕಬ್ಬಿಣದ ಸಿಂಹ

ಬಹಳ ಹಿಂದೆ, ಕುದುರೆಗಳಿಗಿನ್ನೂ ರೆಕ್ಕೆಯಿದ್ದ ಕಾಲದಲ್ಲಿ, ಆರ್ಮೆಲ್ ಅಂತ ಒಂದು ರಾಜ್ಯವಿತ್ತು. ಅಲ್ಲಿ ಎಲ್ಲರೂ ಯೇಸುಸ್ವಾಮಿಗೆ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದರು. ಬೆಟ್ಟದ ಮೇಲಿನ ಒಂದು ಊರಿನವರು ಮಾತ್ರ ನಿಂತೇ ಮಾಡುತ್ತಿದ್ದರು. "ಸ್ವಾಮಿ ಸಮಾಧಿಯಿಂದ ಎದ್ದು ನಿಂತ. ನಾವ್ಯಾಕೆ ಬಗ್ಗಬೇಕು?" ಅನ್ನೋದು ಅವರ ವಾದ.

ಬಿಷಪ್ ಗ್ರಿಮಾಲ್ದನಿಗೆ ಇದೇ ಕಣ್ಣುರಿ. ಅವನಿಗೆ ಮಂತ್ರವಿದ್ಯೆಯೂ ಬರುತ್ತಿತ್ತು.

"ಪಾಷಂಡಿಗಳು, ಪ್ರಭು! ತಪ್ಪು ನಂಬಿಕೆ ಸಿಡುಬಿದ್ದ ಹಾಗೆ, ಹರಡುತ್ತೆ," ಎಂದ ರಾಜನಿಗೆ.

"ಅದಕ್ಕೆ ಕತ್ತಿಯೇ ಬೇಕಾ?"

"ಕತ್ತಿ ಯಾಕೆ? ಸಿಂಹ ಸಾಕು."

ಕಬ್ಬಿಣದ ಸಿಂಹ ಮಾಡಿ, ತನ್ನ ಮಂತ್ರವನ್ನೆಲ್ಲ ಅದರ ಹೊಟ್ಟೆಗೆ ತುಂಬಿ, "ಮಂಡಿಯೂರದವರನ್ನು ತಿನ್ನು" ಅಂತ ಕಳಿಸಿದ.

ಆ ಊರಲ್ಲಿ ಪಾಸ್ಕಲ ಅಂತ ಒಬ್ಬ ತರಲೆ ಹುಡುಗ. ಸಿಂಹ ನೆಟ್ಟಗೆ ಅವನ ಮನೆಗೇ ಬಂತು. ಗಂಜಿ ತಿರುವುತ್ತಿದ್ದ ಅವನವ್ವ ತಿರುಗಿ ನೋಡಿ, "ನಾನು ಬಗ್ಗಲ್ಲ," ಅಂದಳು. ಸಿಂಹ ಬಾಯಿ ತೆರೆಯಿತು. ಪಾಸ್ಕಲ ಓಡಿಬಂದು ಅವ್ವನ ಮುಂದೆ ನಿಂತ. ಆಗಲೂ ಅವನ ಬಾಯಿ ಸುಮ್ಮನಿರಬೇಕಲ್ಲ!

"ಸಿಂಹಣ್ಣಾ, ಮೊದಲು ಯಾವ ಮಂಡಿ ಊರಬೇಕು? ಎಡದ್ದೋ, ಬಲದ್ದೋ?"

ಸಿಂಹಕ್ಕೆ ಗೊತ್ತಿರಲಿಲ್ಲ. ಬೆಟ್ಟ ಇಳಿದು ಬಿಷಪ್ಪನನ್ನು ಕೇಳಿಕೊಂಡು ಬಂತು. "ಬಲದ್ದು."

"ಕಲ್ಲಿನ ಮೇಲೋ, ಮಣ್ಣಿನ ಮೇಲೋ?"

ಮತ್ತೆ ಇಳಿಯಿತು, ಮತ್ತೆ ಹತ್ತಿತು. "ಎಲ್ಲಾದರೂ ಸರಿಯಂತೆ. ಬಿಷಪ್ಪರಿಗೆ ಸಿಟ್ಟು ಬಂದಿದೆ. ಮಂಡಿಯೂರದವರು ಯಾರೇ ಆಗಲಿ ತಿನ್ನು, ಇನ್ನು ಕೇಳೋಕೆ ಬರಬೇಡ ಅಂದರು."

"ಯಾರೇ ಆಗಲಿ ಅಂದರಾ?"

"ಹೂಂ."

"ಹಾಗಾದರೆ ನೀನೇ ಒಂದ್ಸಲ ಊರಿ ತೋರಿಸಣ್ಣಾ. ನೋಡಿ ಕಲೀತೀವಿ."

ಸಿಂಹ ಬಗ್ಗಲು ನೋಡಿತು. ಕಾಲು ಕಂಬದ ಹಾಗೆ ನಿಂತೇ ಇತ್ತು. ಅವಸರದಲ್ಲಿ ಬಿಷಪ್ ಅದಕ್ಕೆ ಮಂಡಿಯನ್ನೇ ಮಾಡಿರಲಿಲ್ಲ.

"ಅಯ್ಯೋ, ನಾನೂ ಊರಲಿಲ್ಲ," ಅಂತು ಸಿಂಹ. ಹೇಳಿದ ಮಾತು ಮೀರುವ ಪ್ರಾಣಿಯಲ್ಲ ಅದು. ಬಾಲದಿಂದ ಶುರು ಮಾಡಿ ತನ್ನನ್ನು ತಾನೇ ತಿನ್ನುತ್ತಾ ಬಂತು. ಕೊನೆಗೆ ಹಲ್ಲಷ್ಟೇ ಉಳಿದವು.

ಸಿಂಹ ವಾಪಸು ಬರಲಿಲ್ಲವೆಂದು ಬಿಷಪ್ ತಾನೇ ಬೆಟ್ಟ ಹತ್ತಿ ಬಂದ. ಹಲ್ಲುಗಳನ್ನು ನೋಡಿದ. ಅಷ್ಟರಲ್ಲಿ ಸಂಜೆಯ ಗಂಟೆ ಹೊಡೆಯಿತು. ಪ್ರಾರ್ಥನೆಗೆ ಬಗ್ಗಹೋದರೆ, ಹತ್ತಿದ ದಣಿವಿಗೆ ಮಂಡಿ ಊದಿ ಕುಂಬಳಕಾಯಿ! 'ಯಾರೇ ಆಗಲಿ' ಅಂದವನು ತಾನೇ ಅನ್ನೋದು ನೆನಪಾಗಿ, ಹೆದರಿ ಆ ಹಲ್ಲುಗಳ ಕಡೆ ನೋಡಿದ.

"ನಿಂತೇ ಮಾಡಿ ಸ್ವಾಮಿ," ಅಂದಳು ಅವ್ವ. "ನಮ್ಮೂರಲ್ಲಿ ಸಿಂಹ ಸಾಕಿಲ್ಲ."

ಈ ಸುದ್ದಿ ಕೇಳಿದ ರಾಜ, ವಾದ ಬಾಯಲ್ಲಿರಲಿ, ಹಲ್ಲಲ್ಲಿ ಬೇಡ ಅಂತ ಡಂಗುರ ಸಾರಿಸಿದ. ನಿಲ್ಲೋದು ಸರಿಯೋ, ಮಂಡಿಯೂರೋದು ಸರಿಯೋ ಅಂತ ಆ ರಾಜ್ಯದವರು ಇವತ್ತಿಗೂ ಜಗಳವಾಡುತ್ತಾರೆ. ಗಂಟಲು ಒಣಗಿದ ಮೇಲೆ ಒಂದೇ ಪಾತ್ರೆಯ ಗಂಜಿ ಕುಡಿದು, ಸುಖವಾಗಿ ಮಲಗುತ್ತಾರೆ.